ನೆರಳುಮನೆಯ ಹಂಡೆ

ಆ ಊರಿನಲ್ಲಿ ಜನ ಬಟ್ಟೆ ಒಗೆಸುವ ಹಾಗೆ ನೆರಳನ್ನೂ ಒಗೆಸುತ್ತಿದ್ದರು. ನೆರಳೆಂದರೆ ದಿನವಿಡೀ ನೆಲದ ಮೇಲೆ ಬಿದ್ದು ಹೊರಳಾಡುವ ವಸ್ತು. ಧೂಳು, ಸಗಣಿ, ಎಲೆಯಡಿಕೆಯ ಉಗುಳು, ಬೇಲಿಯ ಮುಳ್ಳು, ಯಾವುದನ್ನೂ ನೋಡದೆ ಮನುಷ್ಯನ ಹಿಂದೆ ಹೋಗುತ್ತದೆ. ಒಗೆಯದ ನೆರಳು ದಿನೇ ದಿನೇ ಭಾರವಾಗುತ್ತದೆ. ಭಾರವಾದ ನೆರಳನ್ನು ಎಳೆದುಕೊಂಡು ತಿರುಗುವವನು ಮೊದಲು ನಿಧಾನವಾಗುತ್ತಾನೆ, ಆಮೇಲೆ ಸಿಡುಕನಾಗುತ್ತಾನೆ, ಕೊನೆಗೆ ಪದ್ಯ ಬರೆಯಲು ತೊಡಗುತ್ತಾನೆ. ಇದನ್ನು ತಪ್ಪಿಸಲೆಂದೇ ಊರಿನ ನಡುವೆ ನೆರಳುಮನೆ ಇತ್ತು.

ದಿನಕ್ಕೊಂದು ಬೀದಿಯ ಸರದಿ. ಸರದಿ ಬಂದವರು ನಡುಮಧ್ಯಾಹ್ನ ನೆರಳುಮನೆಯ ಕಿಟಕಿಯ ಮುಂದೆ ಸಾಲಾಗಿ ನಿಲ್ಲುತ್ತಿದ್ದರು. ಸೂರ್ಯ ನೆತ್ತಿಗೆ ಬಂದು, ನೆರಳು ಹೋಳಿಗೆಯಷ್ಟಾಗಿ ಕಾಲಡಿ ಮುದುಡಿ ಕೂತಾಗ, ಹಿಮ್ಮಡಿ ಎತ್ತಿ, ಅಂಚು ಹಿಡಿದು, ಕಾವಲಿಯಿಂದ ದೋಸೆ ಎಬ್ಬಿಸುವ ಹಾಗೆ ಎಬ್ಬಿಸಿದರೆ ನೆರಳು ಕೈಗೆ ಬರುತ್ತಿತ್ತು. ಅದನ್ನು ಕಿಟಕಿಯೊಳಗೆ ಕೊಟ್ಟು, ಮನೆಗೆ ಹೋಗಿ, ಜಗಲಿಯ ಮೇಲೆ ಸುಮ್ಮನೆ ಕೂರಬೇಕು. ಏಕೆಂದರೆ ನೆರಳಿಲ್ಲದವರ ಮಾತು ಆ ಊರಿನಲ್ಲಿ ನಡೆಯುವುದಿಲ್ಲ. ಅವರು ಚೌಕಾಸಿ ಮಾಡಿದರೆ ಅಂಗಡಿಯವನಿಗೆ ಕೇಳಿಸುವುದಿಲ್ಲ, ಬೈದರೆ ಯಾರಿಗೂ ತಾಗುವುದಿಲ್ಲ. ಅತ್ತೆಯ ಸರದಿ ಯಾವಾಗ ಬರುತ್ತದೋ ಎಂದು ಸೊಸೆಯಂದಿರು ಕಾದಿರುತ್ತಿದ್ದರು.

ಸೂರ್ಯ ಮುಳುಗುವ ಮೊದಲು, ಒಗೆದು ಒಣಗಿಸಿ ಹೊಲಿದ ನೆರಳು ಮತ್ತೆ ಕಾಲಿಗೆ ಅಂಟಬೇಕು. ಅಂಟದಿದ್ದರೆ ಅದು ಕತ್ತಲಿಗೆ ಸೇರಿ ಕತ್ತಲಾಗಿಬಿಡುತ್ತದೆ. ಆಮೇಲೆ ಅದನ್ನು ಬೇರ್ಪಡಿಸಿ ತೆಗೆಯಲು ಯಾರಿಂದಲೂ ಆಗದು. ಆ ಮನುಷ್ಯ ಬದುಕಿರುವಷ್ಟು ಕಾಲ ಜಗಲಿಯೇ ಗತಿ.

ನೆರಳುಮನೆಯಲ್ಲಿ ಕೆಲಸ ಮಾಡುವವರು ಮೂವರು. ಕಿಟಕಿಯ ಅಜ್ಜಿ ನೆರಳು ಇಸಿದುಕೊಂಡು ಅಂಗಳಕ್ಕೆ ಎಸೆಯುತ್ತಿದ್ದಳು. ಅಂಗಳದಲ್ಲಿ ಒಗೆಯುವವಳು ಅದನ್ನು ಸೀಗೆಪುಡಿ ಹಾಕಿ ಕುಕ್ಕಿ, ಹಿಂಡಿ, ಒಣಗಿಸಿ, ಹಗ್ಗದ ಬುಟ್ಟಿಯಲ್ಲಿ ಅಟ್ಟಕ್ಕೆ ಕಳಿಸುತ್ತಿದ್ದಳು. ಅಟ್ಟದ ಮೇಲೆ ಹೊಲಿಯುವವನು ಹರಿದಲ್ಲಿ ತೇಪೆ ಹಾಕಿ ಕಿಟಕಿಗೆ ಇಳಿಬಿಡುತ್ತಿದ್ದ. ಇಷ್ಟೆಲ್ಲ ನಡೆಯುತ್ತಿದ್ದುದು ಕೂಗಿನ ಮೇಲೆ.

"ಯಾರದ್ದೂ?" ಎಂದು ಅಟ್ಟದಿಂದ ಕೂಗು.

"ಬಳೆಗಾರನದ್ದೂ!" ಎಂದು ಅಂಗಳದಿಂದ ಕೂಗು.

"ಎಲ್ಲಿ ಹರಿದಿದೇ?"

"ಎಡಭುಜಾ!"

"ಯಾರದ್ದೂ?" ಎಂದು ಈ ಸಲ ಕಿಟಕಿಯಿಂದ, ಏಕೆಂದರೆ ಅಜ್ಜಿಗೆ ಅಷ್ಟರಲ್ಲಿ ಮರೆತುಹೋಗಿರುತ್ತಿತ್ತು.

ಹೀಗೆ ಅಪ್ಪಂದಿರ ಕಾಲದಿಂದ, ಅಜ್ಜಂದಿರ ಕಾಲದಿಂದ ನಡೆದುಕೊಂಡು ಬಂದಿತ್ತು. ಆಗೊಂದು ಈಗೊಂದು ಅದಲುಬದಲಾಗುವುದು ಇದ್ದದ್ದೇ. ಆದರೆ ಒಂದು ದಿನ ಪೈಲ್ವಾನನ ನೆರಳು ಪುರೋಹಿತನ ಕಾಲಿಗೆ ಅಂಟಿತು. ಬೇರೆಯವರ ನೆರಳು ಅಂಟಿದರೆ ಅವರ ಚಾಳಿಯೂ ಅಂಟುತ್ತದೆ. ಪುರೋಹಿತ ಮದುವೆಯ ಮಂಟಪದಲ್ಲಿ ಮಂತ್ರ ನಿಲ್ಲಿಸಿ, ಎದ್ದು ನಿಂತು, ತೊಡೆ ತಟ್ಟಿ, ಮದುಮಗನನ್ನು ಸೊಂಟ ಹಿಡಿದು ಎತ್ತಿ ಹಸೆಮಣೆಯಾಚೆ ಒಗೆದ. ಮದುಮಗನ ಕಡೆಯವರು ನೆರಳುಮನೆಯ ಬಾಗಿಲಿಗೆ ಬಂದು ಕೂತರು. ಆಗ ನೆರಳುಮನೆಯ ಯಜಮಾನ, ಇನ್ನು ಹೊಸ ಪದ್ಧತಿ ತರಿಸದೆ ಗತಿಯಿಲ್ಲ ಎಂದು ತೀರ್ಮಾನಿಸಿದ.

ಹೊಸ ಪದ್ಧತಿ ಎತ್ತಿನ ಗಾಡಿಯಲ್ಲಿ ಬಂತು. ಹುಲ್ಲು ಬಿಚ್ಚಿ ನೋಡಿದರೆ ತಾಮ್ರದ ದೊಡ್ಡ ಹಂಡೆ. ನೀರು ಕಾಯಿಸುವ ಹಂಡೆಯಂಥದ್ದೇ, ಆದರೆ ಆಳೆತ್ತರ, ಮೂವರು ಬಸುರಿಯರಷ್ಟು ಹೊಟ್ಟೆ. ಅದರ ಮೈಯಿಂದ ಕೊಳವೆಗಳು ಹೊರಟು ಒಂದು ಕಿಟಕಿಗೆ, ಒಂದು ಅಂಗಳಕ್ಕೆ, ಒಂದು ಅಟ್ಟಕ್ಕೆ ಹೋದವು. ಕೊಳವೆಯ ತುದಿಗೊಂದು ಹಿತ್ತಾಳೆಯ ಆಲಿಕೆ. ಆಲಿಕೆಗೆ ಬಾಯಿಟ್ಟು ಮಾತಾಡಬೇಕು, ಕಿವಿಯಿಟ್ಟು ಕೇಳಬೇಕು. ಹಂಡೆ ಪ್ರಶ್ನೆ ಕೇಳುತ್ತದೆ: ಯಾರದ್ದು? ಏನಾಗಿದೆ? ಏನು ಮಾಡಿದಿರಿ? ಉತ್ತರ ಸರಿಯಿದ್ದರೆ 'ಹೂಂ' ಅನ್ನುತ್ತದೆ, ಇಲ್ಲದಿದ್ದರೆ 'ಊಹೂಂ' ಅನ್ನುತ್ತದೆ. ಎಲ್ಲಕ್ಕೂ ಹೂಂ ಆದ ಮೇಲೆ ಕೊನೆಗೊಮ್ಮೆ 'ಷರಾ?' ಅನ್ನುತ್ತದೆ. ಆಮೇಲೆ ಕೇಳಿದ್ದೆಲ್ಲವನ್ನೂ ಮುಂದಿನ ಆಲಿಕೆಯಲ್ಲಿ ಒಪ್ಪಿಸುತ್ತದೆ. ಯಾವ ನೆರಳು ಎಲ್ಲಿದೆ ಎಂದು ಯಾವಾಗ ಕೇಳಿದರೂ ಹೇಳುತ್ತದೆ. ಮರೆಯುವುದಿಲ್ಲ, ಕೆಮ್ಮುವುದಿಲ್ಲ, ರಜೆ ಕೇಳುವುದಿಲ್ಲ.

ಹಂಡೆಯ ಜೊತೆ ಅದೇ ಗಾಡಿಯಲ್ಲಿ ಒಪ್ಪಿಸುವವಳೂ ಬಂದಳು. ಹೊಸದನ್ನು ಜನರಿಗೆ ಒಪ್ಪಿಸುವುದೇ ಅವಳ ಕಸುಬು. ಅಂಬಿಗರಿಗೆ ಸೇತುವೆ ಒಪ್ಪಿಸಿದವಳು ಅವಳು. ಹುಂಜ ಸಾಕುವವರ ಊರಿನಲ್ಲಿ ಗಡಿಯಾರ ಒಪ್ಪಿಸಿದವಳು. ಎಲ್ಲರೂ ಒಪ್ಪಿದ ಮೇಲೆ ಗಾಡಿ ಬಂದು ಅವಳನ್ನು ಮುಂದಿನ ಊರಿಗೆ ಕರೆದೊಯ್ಯುತ್ತಿತ್ತು. ಒಪ್ಪಿಸಲಾಗದೆ ಹೊರಟರೆ, ಆಮೇಲೆ ಅವಳ ಮಾತನ್ನು ಅವಳು ಸಾಕಿದ ಬೆಕ್ಕೂ ಕೇಳುವುದಿಲ್ಲ ಎಂದು ಅವಳ ಕಸುಬಿನವರು ನಂಬಿದ್ದರು. ಇಲ್ಲಿಯವರೆಗೆ ಅವಳಿಗೆ ಆ ಗತಿ ಬಂದಿರಲಿಲ್ಲ.

ಯಜಮಾನ ಬಾಗಿಲ ಮೇಲೆ ಆಜ್ಞೆಯ ಹಲಗೆ ಬರೆಸಿದ. 'ಎಲ್ಲರೂ ಹೊಸ ಹಂಡೆಯನ್ನು ಒಪ್ಪಿಕೊಳ್ಳತಕ್ಕದ್ದು' ಎಂದು ಅವನು ಹೇಳಿದ್ದು. ಬಣ್ಣದವನಿಗೆ ಅವತ್ತು ಕಿವಿಯಲ್ಲಿ ಎಣ್ಣೆ ಹಾಕಿದ್ದರು. ಹಲಗೆ ಏರಿದಾಗ ಅದರ ಮೇಲೆ ದಪ್ಪ ಅಕ್ಷರದಲ್ಲಿ, 'ಎಲ್ಲರೂ ಹೊಸ ಹಂಡೆಯನ್ನು ಅಪ್ಪಿಕೊಳ್ಳತಕ್ಕದ್ದು' ಎಂದಿತ್ತು.

ಒಪ್ಪಿಸುವವಳು ನೋಡಿದ ಕೂಡಲೇ ಯಜಮಾನನ ಹತ್ತಿರ ಹೋದಳು. "ಯಜಮಾನರೇ, ಒಂದು ಅಕ್ಷರ ತಪ್ಪಾಗಿದೆ."

ಯಜಮಾನ ಹಲಗೆ ನೋಡಿದ. ಬಹಳ ಹೊತ್ತು ನೋಡಿದ. ತನ್ನ ಹೆಸರಿನಲ್ಲಿ ಹೊರಟ ಆಜ್ಞೆ ತಪ್ಪು ಎಂದು ಒಪ್ಪಿಕೊಳ್ಳುವುದು ಅವನ ಮನೆತನದಲ್ಲಿ ಯಾರಿಗೂ ಅಭ್ಯಾಸವಿರಲಿಲ್ಲ.

"ತಪ್ಪೇನೂ ಇಲ್ಲವಲ್ಲಮ್ಮ," ಅಂದ. "ಅಪ್ಪಿಕೊಳ್ಳಲಿ. ಅಪ್ಪಿಕೊಂಡವರು ಒಪ್ಪಿಕೊಳ್ಳದೆ ಇರುತ್ತಾರಾ?"

ಮರುದಿನ ಬೆಳಿಗ್ಗೆ ಮೂವರೂ ಕೈಕಾಲು ತೊಳೆದು ಬಂದು ಹಂಡೆಯ ಮುಂದೆ ಸಾಲಾಗಿ ನಿಂತರು. ಮೊದಲು ಅಜ್ಜಿ ಬಂದು ಹಂಡೆಯ ಹೊಟ್ಟೆಯನ್ನು ಅಪ್ಪಿಕೊಂಡಳು. ಅವಳ ಕೈ ಅರ್ಧಕ್ಕೂ ಸುತ್ತು ಬರಲಿಲ್ಲ. ಆಮೇಲೆ ಒಗೆಯುವವಳು ಬಂದು ಅಪ್ಪಿಕೊಂಡಳು. ಆಮೇಲೆ ಹೊಲಿಯುವವನು ಅಟ್ಟದಿಂದಿಳಿದು ಬಂದು, ಕಣ್ಣುಮುಚ್ಚಿ, ಕೆನ್ನೆ ತಾಮ್ರಕ್ಕೆ ತಾಗಿಸಿ ಅಪ್ಪಿಕೊಂಡ. ಅಪ್ಪಿಕೊಂಡು ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಹೋದರು. ಹೋದವರೇ ಕೂಗತೊಡಗಿದರು.

"ಯಾರದ್ದೂ?"

"ಗಾಣಿಗನದ್ದೂ!"

ಹಂಡೆ ಸುಮ್ಮನೆ ನಿಂತಿತ್ತು. ಅದರ ಹೊಟ್ಟೆಯಲ್ಲಿ ಒಂದು ಮಾತೂ ಬೀಳಲಿಲ್ಲ.

ದಿನವೂ ಹೀಗೆಯೇ ನಡೆಯಿತು. ಸಾಲಾಗಿ ಬಂದರು, ಅಪ್ಪಿಕೊಂಡರು, ಹೋದರು, ಕೂಗಿದರು. ಯಜಮಾನ ಬಾಗಿಲಲ್ಲಿ ನಿಂತು ನೋಡಿ ಕಣ್ಣೊರೆಸಿಕೊಂಡ. "ಎಂಥಾ ಪ್ರೀತಿ!" ಅಂದ.

ಒಪ್ಪಿಸುವವಳು ತನ್ನ ಕಸುಬಿನ ಪಟ್ಟುಗಳನ್ನೆಲ್ಲ ಒಂದೊಂದಾಗಿ ಹೂಡಿದಳು. ಮೊದಲು ಪಾಠ ಮಾಡಿದಳು. "ಹಂಡೆ ಮೂರು ಪ್ರಶ್ನೆ ಕೇಳುತ್ತದೆ, ಮೂರಕ್ಕೂ ಉತ್ತರ ಹೇಳಿ. ಕೊನೆಗೆ ಷರಾ ಅಂತ ಕೇಳಿದರೆ 'ಇಲ್ಲ' ಅಂದುಬಿಡಿ, ಸಾಕು. ಅದು ಸುಮ್ಮನೆ ಲೆಕ್ಕಕ್ಕೆ." ಮೂವರೂ ತಲೆಯಾಡಿಸಿದರು. ಆಮೇಲೆ ಹಂಡೆಗೆ ಮಾತಾಡಿದವರಿಗೆ ಕಡಲೆಹಿಟ್ಟಿನ ಉಂಡೆ ಕೊಡುತ್ತೇನೆಂದಳು. ಅಜ್ಜಿ ಆಲಿಕೆಗೆ ಬಾಯಿಟ್ಟು, "ಉಂಡೆ," ಅಂದಳು. ಹಂಡೆ "ಊಹೂಂ" ಅಂದಿತು. ಆಮೇಲೆ ಒಪ್ಪಿಸುವವಳು 'ಹಂಡೆಯ ಗೆಳೆಯರು' ಎಂಬ ಕೂಟ ಮಾಡಿ, ಮೂವರಿಗೂ ಹಳದಿ ರುಮಾಲು ಕಟ್ಟಿಸಿದಳು. ರುಮಾಲು ಕಟ್ಟಿಕೊಂಡವರು ದಿನಕ್ಕೆ ಎರಡು ಸಲ ಅಪ್ಪಿಕೊಳ್ಳತೊಡಗಿದರು.

ಒಂದು ದಿನ ಅವಳು ಅಜ್ಜಿಯನ್ನು ಹಿಡಿದು ಕೂರಿಸಿ, ಕೈಮುಗಿದು, ಒಂದೇ ಒಂದು ನೆರಳಿನ ವಿಷಯ ಹಂಡೆಗೆ ಹೇಳಿ ಎಂದು ಕೇಳಿಕೊಂಡಳು. ಅಜ್ಜಿ ದೊಡ್ಡ ಮನಸ್ಸು ಮಾಡಿ ಆಲಿಕೆಗೆ ಬಾಗಿದಳು.

"ಯಾರದ್ದು?" ಅಂದಿತು ಹಂಡೆ.

"ಅದೇ, ಆ ಗೂನುಬೆನ್ನಿನವನು, ಅವನ ಹೆಂಡತಿ ಓಡಿಹೋಗಿದ್ದಳಲ್ಲ, ಆಮೇಲೆ ತಿರುಗಿ ಬಂದಳಲ್ಲ, ಅವನದ್ದು."

"ಊಹೂಂ."

ಅಜ್ಜಿಯ ಮುಖ ಕೆಂಪಾಯಿತು. ಸುತ್ತ ಇದ್ದವರೆಲ್ಲ ಕೇಳಿಸಿಕೊಂಡಿದ್ದರು. "ನನ್ನ ಅತ್ತೆ ಹುಲಿಯಂಥವಳು," ಅಂದಳು ಅಜ್ಜಿ. "ಅವಳೂ ನಾಲ್ಕು ಜನರ ಮುಂದೆ ನನಗೆ ಊಹೂಂ ಅಂದವಳಲ್ಲ. ಒಂದು ಹಂಡೆ ಕೈಲಿ ಅನ್ನಿಸಿಕೊಳ್ಳಬೇಕಾ ಈ ವಯಸ್ಸಲ್ಲಿ?" ಅಂದು ಎದ್ದು, ಆಜ್ಞೆ ಮೀರಬಾರದೆಂದು ಹಂಡೆಯನ್ನೊಮ್ಮೆ ಕೋಪದಿಂದಲೇ ಅಪ್ಪಿಕೊಂಡು ಹೋದಳು.

ಒಪ್ಪಿಸುವವಳಿಗೆ ಅಜ್ಜಿಯ ಸಂಕಟ ಅರ್ಥವಾಯಿತು. ಅರ್ಥವಾಗದೆ ಉಳಿದದ್ದು ಒಗೆಯುವವಳದ್ದು. ಒಗೆಯುವವಳು ಗಟ್ಟಿಗಿತ್ತಿ, ಬುದ್ಧಿವಂತೆ. ಹಂಡೆಯ ಪ್ರಶ್ನೆಗಳು ಅವಳಿಗೆ ಮೊದಲ ದಿನವೇ ಬಾಯಿಪಾಠವಾಗಿದ್ದವು. ಮೂವರಲ್ಲಿ ಎಲ್ಲರಿಗಿಂತ ಹೆಚ್ಚು ಹಟ ಹಿಡಿದವಳೂ ಅವಳೇ.

"ಅಕ್ಕಾ," ಎಂದಳು ಒಪ್ಪಿಸುವವಳು, ಅಂಗಳದ ಒಗೆಯುವ ಕಲ್ಲಿನ ಪಕ್ಕ ಕೂತು. "ಹೀಗೆ ಕೂಗಿ ಕೂಗಿ ನಿಮ್ಮ ಗಂಟಲು ಏನಾಗಬೇಡ? ಹಂಡೆಗೆ ಪಿಸುಮಾತು ಸಾಕು. ಅಟ್ಟದವರಿಗೆ ಅದೇ ಹೇಳುತ್ತದೆ. ನೀವು ಬಾಯಿ ತೆರೆಯಲೇಬೇಕಿಲ್ಲ."

"ಅದೇ ತಾಯೀ, ಅದಕ್ಕೇ," ಅಂದಳು ಒಗೆಯುವವಳು. ಅಂದವಳು ನಾಲಿಗೆ ಕಚ್ಚಿಕೊಂಡು ನೆರಳು ಕುಕ್ಕತೊಡಗಿದಳು.

ಒಪ್ಪಿಸುವವಳು ಅಜ್ಜಿಯ ಹತ್ತಿರ ಹೋಗಿ ಕೇಳಿದಳು. ಬೇರೆಯವರ ಮನೆಯ ವಿಷಯ ಹೇಳುವುದೆಂದರೆ ಅಜ್ಜಿಗೆ ಉಂಡೆಗಿಂತ ಇಷ್ಟ.

"ಅವರಿಬ್ಬರೂ ಗಂಡ ಹೆಂಡತಿ ಕಣೇ. ಗೊತ್ತಿಲ್ಲವಾ ನಿನಗೆ?"

"ಯಾರು?"

"ಅಂಗಳದವಳು, ಅಟ್ಟದವನು. ಮದುವೆಯಾದ ಹೊಸದರಲ್ಲಿ ಇವಳು ಪ್ರೀತಿ ಹೆಚ್ಚಾಗಿ, ಗಂಡನ ನೆರಳು ಬೆಚ್ಚಗಿರಲಿ ಅಂತ ಕುದಿಯುವ ನೀರಿಗೆ ಹಾಕಿಬಿಟ್ಟಳು. ಅದು ಕುಗ್ಗಿಹೋಯಿತು. ಸಂಜೆ ಹೊತ್ತು ಊರಿನವರ ನೆರಳೆಲ್ಲ ಪೇಟೆಯವರೆಗೆ ಚಾಚಿಕೊಂಡರೆ ಇವನದ್ದು ಅಂಗೈಯಷ್ಟು. ಮಕ್ಕಳೆಲ್ಲ ನಕ್ಕರು. ಇವನು ಮುನಿಸಿಕೊಂಡು ಅಟ್ಟ ಹತ್ತಿದ. ಮನೆಯಲ್ಲಿ ಇಬ್ಬರಿಗೂ ಮಾತಿಲ್ಲ. ಅವಳು ಬಡಿಸುತ್ತಾಳೆ, ಅವನು ಉಣ್ಣುತ್ತಾನೆ. ಬೇಕಾದ್ದಕ್ಕೆ ಬೆರಳು ತೋರಿಸುತ್ತಾನೆ."

"ಆವತ್ತಿನಿಂದಲೂ ಮಾತೇ ಇಲ್ಲವಾ?"

"ಇಲ್ಲಿ ಇದೆಯಲ್ಲ," ಅಂದಳು ಅಜ್ಜಿ. "ಯಾರದ್ದೂ? ಬಳೆಗಾರನದ್ದೂ. ಎಲ್ಲಿ ಹರಿದಿದೇ? ಎಡಭುಜಾ. ಅಷ್ಟೇ ಅವರ ಸಂಸಾರ."

ಒಪ್ಪಿಸುವವಳು ಅಲ್ಲಿಂದೆದ್ದು ಹಂಡೆಯ ಮುಂದೆ ಬಂದು ನಿಂತಳು. ಅಂಗಳದಿಂದ ಅಟ್ಟಕ್ಕೆ, ಅಟ್ಟದಿಂದ ಅಂಗಳಕ್ಕೆ ಕೂಗು ಹೋಗಿ ಬರುತ್ತಿತ್ತು. ಅದನ್ನು ಇಷ್ಟು ದಿನ ಗದ್ದಲ ಅಂದುಕೊಂಡಿದ್ದಳು. ಈಗ ಕಿವಿಗೊಟ್ಟು ಕೇಳಿದರೆ 'ಯಾರದ್ದೂ' ಎನ್ನುವ ಮಾತಿನ ಬಾಲ ಬೇಕಾದ್ದಕ್ಕಿಂತ ಉದ್ದವಾಗಿತ್ತು. ಉತ್ತರವೂ ಹಾಗೆಯೇ, ಬೇಕಾದ್ದಕ್ಕಿಂತ ತಡವಾಗಿ ಮುಗಿಯುತ್ತಿತ್ತು. ಇದನ್ನು ಕಿತ್ತುಕೊಂಡು ಹಂಡೆಯ ಹೊಟ್ಟೆಗೆ ಹಾಕಬೇಕೆಂದು ತಾನು ಉಂಡೆಯ ಆಸೆ ತೋರಿಸಿದೆನಲ್ಲ ಎಂದು ನೆನೆದು ಅವಳಿಗೆ ನಾಚಿಕೆಯಾಯಿತು. ಆದರೆ ಪುರೋಹಿತ ತೊಡೆ ತಟ್ಟಿದ್ದೂ ಸುಳ್ಳಲ್ಲವಲ್ಲ. ಏನು ಮಾಡಬೇಕೆಂದು ತೋಚದೆ ಅವಳು ಹಂಡೆಗೆ ಒರಗಿ ನಿಂತಳು. ದೂರದಿಂದ ಯಜಮಾನ ನೋಡಿ, "ನೀವೂ ಅಪ್ಪಿಕೊಳ್ಳಿ ಅಮ್ಮಾ, ಸಂಕೋಚ ಬೇಡ," ಅಂದ.

ಅಷ್ಟರಲ್ಲಿ ಸೂರ್ಯಗ್ರಹಣದ ದಿನ ಹತ್ತಿರ ಬಂತು.

ಗ್ರಹಣ ಬಿಟ್ಟ ಮೇಲೆ ಮೈತೊಳೆಯುವ ಹಾಗೆ ನೆರಳನ್ನೂ ತೊಳೆಯಲೇಬೇಕು. ಆ ಒಂದು ದಿನ ಸರದಿಯಿಲ್ಲ, ಊರಿಗೆ ಊರೇ ನೆರಳು ಕೊಡುತ್ತದೆ. ಹಿಂದಿನ ಗ್ರಹಣಗಳಲ್ಲಿ ಊರು ಚಿಕ್ಕದಿತ್ತು, ಹೇಗೋ ನಡೆದಿತ್ತು. ಈಗ ಊರು ಬೆಳೆದಿತ್ತು. ಯಜಮಾನ ಡಂಗುರ ಹೊಡೆಸಿದ: "ಯಾರೂ ಹೆದರತಕ್ಕದ್ದಲ್ಲ. ನಮ್ಮಲ್ಲಿ ಹಂಡೆ ಇದೆ. ನಮ್ಮವರೆಲ್ಲ ಅದನ್ನು ಅಪ್ಪಿಕೊಂಡಿದ್ದಾರೆ."

ಒಪ್ಪಿಸುವವಳು ಓಡಿಹೋಗಿ, "ಯಜಮಾನರೇ, ಅಪ್ಪಿಕೊಂಡಿದ್ದಾರೆಯೇ ಹೊರತು ಹಂಡೆಗೆ ಯಾರೂ ಒಂದು ಮಾತೂ ಹೇಳಿಲ್ಲ. ಅದರ ಹೊಟ್ಟೆ ಖಾಲಿ ಇದೆ," ಅಂದಳು.

"ನಾನೇ ಕಣ್ಣಾರೆ ನೋಡಿದ್ದೀನಮ್ಮ. ಆ ಹೊಲಿಯುವವನಂತೂ ಕಣ್ಣುಮುಚ್ಚಿ ಅಪ್ಪಿಕೊಳ್ಳುತ್ತಾನೆ," ಅಂದ ಯಜಮಾನ. "ನಿಮ್ಮ ಕೆಲಸ ಮುಗಿಯಿತು ಅಂತ ನಿಮ್ಮವರಿಗೆ ಹೇಳಿ ಕಳಿಸಿಯೂ ಆಯಿತು. ನಾಳೆ ನಿಮ್ಮ ಗಾಡಿ ಬರುತ್ತದೆ."

ಗ್ರಹಣದ ದಿನ ಬೆಳಿಗ್ಗೆ ಗಾಡಿ ಬಂದೇಬಿಟ್ಟಿತು. ಗಾಡಿಯವನು ಎತ್ತು ಬಿಚ್ಚಿ ನೆರಳುಮನೆಯ ಮುಂದೆ ಕಾದು ಕೂತ. ಒಪ್ಪಿಸುವವಳು ಗಂಟು ಕಟ್ಟಿದಳು, ಹತ್ತಲು ಮನಸ್ಸು ಬರದೆ ಮತ್ತೆ ಒಳಗೆ ಹೋದಳು.

ಗ್ರಹಣ ಬಿಟ್ಟಿತು. ನಡುಮಧ್ಯಾಹ್ನವಾಯಿತು. ಊರಿನವರೆಲ್ಲ ಒದ್ದೆ ತಲೆಯಲ್ಲಿ ಬಂದು ಹಿಮ್ಮಡಿ ಎತ್ತಿ ನೆರಳು ಎಬ್ಬಿಸಿದರು. ಯಜಮಾನನೂ ಮೊದಲ ಸಾಲಿನಲ್ಲಿ ನಿಂತು ತನ್ನದನ್ನು ಕೊಟ್ಟ. ಮೂವರೂ ಹಂಡೆಯನ್ನು ಅವಸರದಲ್ಲಿ ಅಪ್ಪಿಕೊಂಡು ಕೆಲಸಕ್ಕೆ ಬಿದ್ದರು. ಕಿಟಕಿಯಿಂದ ನೆರಳುಗಳು ಬಾವಲಿಗಳ ಹಾಗೆ ಹಾರಿ ಬಂದವು. ಅಜ್ಜಿ ಮುಖ ನೋಡುವುದನ್ನೇ ಬಿಟ್ಟು ಕೈಗೆ ಬಂದದ್ದನ್ನೆಲ್ಲ ಇಸಿದುಕೊಂಡಳು. ಸಾಲಿನಲ್ಲಿ ನಿಂತಿದ್ದ ಒಂದು ಹೋತದ ನೆರಳನ್ನೂ ಇಸಿದುಕೊಂಡಳು. ಅಂಗಳದಲ್ಲಿ ನೆರಳಿನ ಗುಡ್ಡೆ ಒಗೆಯುವವಳ ಸೊಂಟದವರೆಗೆ ಬಂತು.

"ಯಾರದ್ದೂ?"

"ಅಕ್ಕಸಾಲಿಯದ್ದೂ! ಅಲ್ಲ, ಸೂಲಗಿತ್ತಿಯದ್ದೂ! ತಾಳಿ, ಇದರಲ್ಲಿ ಕೊಂಬಿದೇ!"

ಮೊದಲು ಮುಗಿದ ಕೆಲವನ್ನು ಅಜ್ಜಿ ಹೊರಗೆ ಕೊಟ್ಟಳು. ಅಂಟಿಸಿಕೊಂಡ ಕೂಡಲೇ ಊರಿನ ವೈದ್ಯ ಬಳೆ ಬಳೆ ಎಂದು ಕೂಗುತ್ತ ಹೆಂಗಸರ ಕೈ ಹಿಡಿದು ಹಿಚುಕತೊಡಗಿದ. ಬಳೆಗಾರ ಬಾಗಿಲಿಗೆ ಬಂದವರಿಗೆಲ್ಲ 'ನಾಲಿಗೆ ಚಾಚಿ' ಎಂದ. ಯಜಮಾನ ತನ್ನದನ್ನು ಅಂಟಿಸಿಕೊಂಡು ಗಂಭೀರವಾಗಿ ನಾಲ್ಕು ಹೆಜ್ಜೆ ನಡೆದ, ನಿಂತ, ಬಾಗಿಲಿಗೆ ಕಟ್ಟಿದ್ದ ಮಾವಿನ ತೋರಣವನ್ನು ಒಂದು ಕಡೆಯಿಂದ ತಿನ್ನುತ್ತ ಬಂದ. ತಿಂದು ಮುಗಿದ ಮೇಲೆ "ಮ್ಯಾ" ಅಂದ. ನೆರಳಿಲ್ಲದೆ ಕಾಯುತ್ತಿದ್ದ ಊರಿನವರು ಇದನ್ನು ನೋಡಿ ಗಾಬರಿಯಿಂದ ಕೂಗಿಕೊಂಡರು. ಅವರ ಕೂಗು ಯಾರಿಗೂ ಕೇಳಿಸಲಿಲ್ಲ. ಬೀದಿಯ ತುಂಬ ಜನ ದಡದ ಮೇಲೆ ಬಿದ್ದ ಮೀನುಗಳ ಹಾಗೆ ಬಾಯಿ ತೆರೆದು ಮುಚ್ಚುತ್ತ ನಿಂತಿದ್ದರು. ಸೂರ್ಯ ಆಗಲೇ ಪಡುವಣಕ್ಕೆ ವಾಲಿದ್ದ.

ಆಗ ಅಂಗಳದಲ್ಲಿ ಒಗೆಯುವವಳ ಗಂಟಲು ಕಟ್ಟಿತು.

"ಯಾರದ್ದೂ?" ಎಂದು ಅಟ್ಟದಿಂದ ಕೂಗು.

ಅವಳು ಬಾಯಿ ತೆರೆದಳು. ಗಾಳಿಯಷ್ಟೇ ಬಂತು.

"ಯಾರದ್ದೂ?"



ಹೊಲಿಯುವವನು ಸೂಜಿ ಕೆಳಗಿಟ್ಟು ಅಟ್ಟದ ಅಂಚಿಗೆ ಬಂದು ಬಗ್ಗಿ ನೋಡಿದ. ಅವನ ಮುಖ ಸುಣ್ಣದ ಹಾಗೆ ಬಿಳಿಚಿತ್ತು. ಇದ್ದ ಒಂದು ಮಾತನ್ನೂ ಇವಳು ಇವತ್ತಿಗೆ ನಿಲ್ಲಿಸಿದಳು ಎಂದು ಅವನು ತಿಳಿದ. ಒಗೆಯುವವಳು ಕತ್ತು ಮುಟ್ಟಿ ಮುಟ್ಟಿ ತೋರಿಸಿದಳು. ಅವನಿಗೆ ಅರ್ಥವಾಗಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತು.

ಒಪ್ಪಿಸುವವಳು ಓಡಿಬಂದು ಅವಳ ಒದ್ದೆ ಕೈ ಹಿಡಿದು ಆಲಿಕೆಯ ಹತ್ತಿರ ಎಳೆದಳು. "ಅಕ್ಕಾ, ಇದಕ್ಕೆ ಗಂಟಲು ಬೇಡ. ಉಸಿರು ಸಾಕು. ಹೇಳಿ."

ಒಗೆಯುವವಳು ಹಂಡೆಯನ್ನು ನೋಡಿದಳು, ಅಟ್ಟವನ್ನು ನೋಡಿದಳು, ಆಲಿಕೆಗೆ ಬಾಯಿಟ್ಟಳು.

"ಯಾರದ್ದು?" ಅಂದಿತು ಹಂಡೆ.

"ಕುಂಬಾರನದ್ದು," ಅಂದಳು ಉಸಿರಿನಲ್ಲಿ.

"ಹೂಂ. ಏನಾಗಿದೆ?"

"ಬಲ ಮೊಣಕಾಲು ಹರಿದಿದೆ."

"ಹೂಂ. ಏನು ಮಾಡಿದಿರಿ?"

"ಸೀಗೆಪುಡಿ ಹಾಕಿ ಒಗೆದಿದ್ದೀನಿ."

"ಹೂಂ. ಷರಾ?"

ಒಗೆಯುವವಳು ತಲೆಯೆತ್ತಿದಳು. "ಷರಾ ಅಂದರೆ ಏನು ತಾಯೀ?"

'ಇಲ್ಲ ಅಂದುಬಿಡಿ' ಎನ್ನುವ ಮಾತು ಒಪ್ಪಿಸುವವಳ ನಾಲಿಗೆಯ ತುದಿಗೆ ಬಂದಿತ್ತು. ಎಷ್ಟೋ ಊರುಗಳಲ್ಲಿ, ಎಷ್ಟೋ ಜನರಿಗೆ ಹಾಗೆಯೇ ಹೇಳಿಕೊಟ್ಟವಳು ಅವಳು. ಆದರೆ ಅಟ್ಟದ ಅಂಚಿನಲ್ಲಿ ಇನ್ನೂ ಆ ಮುಖವಿತ್ತು.

"ಕೇಳಿದ್ದನ್ನೆಲ್ಲ ಹೇಳಿದ ಮೇಲೂ ಹೇಳುವುದು ಏನಾದರೂ ಉಳಿದಿರುತ್ತದಲ್ಲ ಅಕ್ಕಾ," ಅಂದಳು. "ಅದು."

ಒಗೆಯುವವಳು ಕಲ್ಲಿನ ಪಕ್ಕ ಬೆಳಿಗ್ಗೆಯಿಂದ ಬಿಚ್ಚದೆ ಇಟ್ಟಿದ್ದ ಬುತ್ತಿಯ ಕಡೆ ನೋಡಿದಳು. ಆಮೇಲೆ ಆಲಿಕೆಗೆ ತೀರ ಬಾಯಿ ತಾಗಿಸಿ ಏನೋ ಉಸಿರಿದಳು. ಬಟ್ಟೆಯಲ್ಲಿ ಸುತ್ತಿದ ಬುತ್ತಿಯನ್ನು ಕುಂಬಾರನ ನೆರಳಿನ ಜೊತೆ ಬುಟ್ಟಿಗೆ ಹಾಕಿ ಹಗ್ಗ ಎಳೆದಳು.

ಅಟ್ಟದ ಆಲಿಕೆಯಲ್ಲಿ ಹಂಡೆ ತನ್ನ ಏರಿಳಿತವಿಲ್ಲದ ದನಿಯಲ್ಲಿ, ಇಡೀ ಮನೆಗೆ ಕೇಳುವಂತೆ ಒಪ್ಪಿಸಿತು: "ಕುಂಬಾರನದ್ದು. ಬಲ ಮೊಣಕಾಲು ಹರಿದಿದೆ. ಸೀಗೆಪುಡಿ ಹಾಕಿ ಒಗೆದಿದೆ. ಷರಾ: ಬೆಳಿಗ್ಗೆಯಿಂದ ನೀವು ಏನೂ ತಿಂದಿಲ್ಲ."

ನೆರಳುಮನೆಯಲ್ಲಿ ಸೂಜಿ ಬಿದ್ದ ಸದ್ದಾಯಿತು. ನಿಜವಾಗಿಯೂ ಸೂಜಿಯೇ ಬಿದ್ದದ್ದು, ಅಟ್ಟದಿಂದ.

ಹೊಲಿಯುವವನು ಬುತ್ತಿಯನ್ನು ನೋಡಿದ. ಆಲಿಕೆಯನ್ನು ನೋಡಿದ. ಬೇರೆ ಸೂಜಿ ಹುಡುಕಿ ಕುಂಬಾರನ ಮೊಣಕಾಲಿಗೆ ತೇಪೆ ಹಾಕಿದ. ಹಾಕಿ ಜೀವಮಾನದಲ್ಲಿ ಮೊದಲ ಸಲ ಆಲಿಕೆಗೆ ಬಾಯಿಟ್ಟ. ಅಂಗಳದಲ್ಲಿ ಹಂಡೆ ಒಪ್ಪಿಸಿತು: "ಕುಂಬಾರನದ್ದು. ಮೊಣಕಾಲು ಹೊಲಿದಾಯಿತು. ಷರಾ: ಪಲ್ಯ ಏನು?"

ಒಗೆಯುವವಳು ಗುಡ್ಡೆಯಿಂದ ಇನ್ನೊಂದು ನೆರಳು ಕಿತ್ತು ಎತ್ತಿದಳು. ಷರಾ ಸೇರಿಸಬೇಕಾದರೆ ಹೊಸ ನೆರಳು ಬೇಕು. ಮೂರು ಪ್ರಶ್ನೆಗೂ ಹೂಂ ಅನ್ನಿಸಿಕೊಳ್ಳದೆ ಹಂಡೆ ಷರಾ ಕೇಳುವುದಿಲ್ಲ. ಅವಳು ಆ ನೆರಳನ್ನು ಎಂದೂ ಇಲ್ಲದ ವೇಗದಲ್ಲಿ ಒಗೆದಳು, ಎಂದೂ ಇಲ್ಲದ ಎಚ್ಚರದಲ್ಲಿ ಯಾರದ್ದೆಂದು ನೋಡಿದಳು.

"ನೇಕಾರನದ್ದು. ಹರಿದಿಲ್ಲ. ಅರಿಸಿನದ ಕಲೆ ತೆಗೆದಿದೆ. ಷರಾ: ಬೆಂಡೆಕಾಯಿ."

"ನೇಕಾರನದ್ದು. ಅಂಚು ಮಡಿಸಿದೆ. ಷರಾ: ಲೋಳೆಯಾಗಿದೆಯಾ?"

"ಗಾಣಿಗನದ್ದು. ಬೆನ್ನು ಸವೆದಿದೆ. ಎರಡು ಸಲ ಒಗೆದಿದೆ. ಷರಾ: ಹುಣಸೆಹುಳಿ ಹಾಕಿದ್ದೀನಲ್ಲ, ತಿಂದು ನೋಡಿ."

ಕಿಟಕಿಯ ಅಜ್ಜಿ ಕಿವಿ ನಿಮಿರಿಸಿ ಕೂತಿದ್ದಳು. ಯಾರು ಏನು ಹೇಳಿದರೂ ಮುಂದೆ ಮುಟ್ಟಿಸುವ ಇಂಥ ಸಾಮಾನು ಇಷ್ಟು ದಿನ ತನ್ನ ಪಕ್ಕದಲ್ಲೇ ಇತ್ತೆಂದು ಅವಳಿಗೆ ಹೊಟ್ಟೆ ಉರಿದುಹೋಯಿತು. ತನ್ನ ಆಲಿಕೆಗೆ ಬಾಯಿಟ್ಟಳು. "ಯಾರದ್ದು?" ಎಂದಿತು ಹಂಡೆ. "ಆ ಗೂನುಬೆನ್ನಿನವನು," ಅಂದಳು. "ಊಹೂಂ," ಅಂದಿತು ಹಂಡೆ. ಅಜ್ಜಿ ಈ ಸಲ ಕೋಪಿಸಿಕೊಳ್ಳಲು ಪುರುಸೊತ್ತಿಲ್ಲದೆ, "ಮಂಡಿಯ ಸಾಹುಕಾರನದ್ದಪ್ಪ, ಸಾಹುಕಾರನದ್ದು, ಸರಿನಾ?" ಅಂದಳು. "ಹೂಂ," ಅಂದಿತು ಹಂಡೆ. ಷರಾ ಬಂದ ಕೂಡಲೇ ಅಜ್ಜಿ ಸಾಹುಕಾರನ ಹೆಂಡತಿ ಓಡಿಹೋದದ್ದರಿಂದ ಹಿಡಿದು ತಿರುಗಿ ಬಂದದ್ದರವರೆಗೆ ಒಂದೇ ಉಸಿರಿಗೆ ಸುರಿದಳು. ಹಂಡೆ ಅದನ್ನು ಅಂಗಳಕ್ಕೂ ಅಟ್ಟಕ್ಕೂ ಅಕ್ಷರ ಬಿಡದೆ ಒಪ್ಪಿಸಿತು.

ನೆರಳುಗಳು ಕಿಟಕಿಗೆ ಬರತೊಡಗಿದವು. ಈ ಸಲ ಕುಂಬಾರನದ್ದು ಕುಂಬಾರನಿಗೆ, ನೇಕಾರನದ್ದು ನೇಕಾರನಿಗೆ. ಅಂಟಿಸಿಕೊಂಡವರ ದನಿ ಒಬ್ಬೊಬ್ಬರದಾಗಿ ಮರಳಿ ಬಂದು ಬೀದಿಯ ತುಂಬ ಗದ್ದಲ ಎದ್ದಿತು. ವೈದ್ಯ ಬಳೆಗಾರರನ್ನು ಹಿಡಿದು ತಂದು ಅವರವರದ್ದನ್ನು ಬದಲಿಸಿದರು. ಯಜಮಾನನನ್ನು ಹಿಡಿಯುವುದು ಸ್ವಲ್ಪ ಕಷ್ಟವಾಯಿತು. ಅವನು ಗೋಡೆ ಹತ್ತಿದ್ದ. ಗಾಡಿಯವನು ಹುಲ್ಲು ತೋರಿಸಿ ಇಳಿಸಿದ. ಯಜಮಾನನ ನೆರಳು ಎಲ್ಲಿದೆ ಎಂದು ಒಪ್ಪಿಸುವವಳು ಕೇಳಿದಾಗ, ಅಜ್ಜಿಯ ಷರಾಗಳಲ್ಲಿ ಅದನ್ನೂ ಕೇಳಿಸಿಕೊಂಡಿದ್ದ ಹಂಡೆ, "ಹೋತದ ಕಾಲಿನಲ್ಲಿ," ಅಂದಿತು. ಹೋತ ಆ ಹೊತ್ತಿಗೆ ಮಾವಿನ ಮರದ ಕೆಳಗೆ ನಿಂತು, ಬಂದ ಬಂದ ಆಡುಗಳಿಗೆಲ್ಲ ಅಪ್ಪಣೆ ಕೊಡುತ್ತಿತ್ತು. ತನ್ನ ನೆರಳು ಅಂಟಿದ ಮೇಲೆ ಯಜಮಾನ ತುಟಿಗೆ ಹತ್ತಿದ್ದ ಮಾವಿನೆಲೆಯ ಚೂರನ್ನು ಒರೆಸಿಕೊಂಡು, ಏನೂ ಆಗದವನ ಹಾಗೆ, "ನೋಡಿದಿರಾ? ಎಲ್ಲ ಅಪ್ಪಿಕೊಂಡದ್ದರ ಫಲ," ಅಂದ. ಅವನಿಗೆ ಉತ್ತರ ಕೊಡುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಒಳಗೆ ಗುಡ್ಡೆ ಕರಗುತ್ತ ಬಂದಿತ್ತು. ಷರಾಗಳು ಬೆಂಡೆಕಾಯಿಯನ್ನು ದಾಟಿ ಮುಂದೆ ಹೋಗಿದ್ದವು.

"ಹೂವಾಡಗಿತ್ತಿಯದ್ದು. ಸೆರಗು ಹರಿದಿದೆ. ಒಗೆದಿದೆ. ಷರಾ: ಆವತ್ತು ಬಿಸಿನೀರಿಗೆ ಹಾಕಿದ್ದು ಬೇಕಂತ ಅಲ್ಲ."

ಅಟ್ಟದ ಮೇಲೆ ಸೂಜಿ ಬಹಳ ಹೊತ್ತು ಆಡಿತು.

"ಹೂವಾಡಗಿತ್ತಿಯದ್ದು. ಸೆರಗು ಹೊಲಿದಾಯಿತು. ಷರಾ: ಗೊತ್ತು."

ಒಗೆಯುವವಳು ಆ ಮಾತು ಕೇಳಿ ಒದ್ದೆ ಕೈಯನ್ನು ಸೊಂಟಕ್ಕಿಟ್ಟುಕೊಂಡಳು. ಗುಡ್ಡೆಯಲ್ಲಿ ಕೊನೆಯದಾಗಿ ಒಂದು ನೆರಳು ಉಳಿದಿತ್ತು. ಅದನ್ನು ಕಲ್ಲಿಗೆ ಬಡಿದ ಬಡಿತ ಬೀದಿಗೆ ಕೇಳಿಸಿತು.

"ತೋಟಿಯದ್ದು. ಹರಿದಿರಲಿಲ್ಲ, ಈಗ ಹರಿದಿದೆ. ಒಗೆದಿದೆ. ಷರಾ: ಗೊತ್ತಿತ್ತಾ? ಗೊತ್ತಿದ್ದೂ ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಿರಾ?"

ಹೊಲಿಯುವವನು ಆ ನೆರಳನ್ನು ಹೊಲಿದು, ಉತ್ತರ ಹೊಳೆಯದೆ, ಗಾಬರಿಯಲ್ಲಿ ಅದನ್ನು ಹಾಗೆಯೇ ಕಿಟಕಿಗೆ ಇಳಿಬಿಟ್ಟ. ಅಜ್ಜಿ ಅದನ್ನು ಹೊರಗೆ ಕೊಟ್ಟಳು. ಊರಿನ ನೆರಳೆಲ್ಲ ಮುಗಿಯಿತು. ಸೂರ್ಯ ಇನ್ನೂ ತೆಂಗಿನ ತಲೆಯ ಮೇಲಿದ್ದ. ಆಗ ಅವನಿಗೆ ಉತ್ತರ ಹೊಳೆಯಿತು. ಓಡಿಬಂದು ಆಲಿಕೆಗೆ ಬಾಯಿಟ್ಟ.

"ಯಾರದ್ದು?" ಅಂದಿತು ಹಂಡೆ.

"ಯಾರದ್ದೂ ಅಲ್ಲ. ಷರಾ ಒಂದೇ."

"ಊಹೂಂ."

"ಒಂದೇ ಒಂದು ಮಾತು. ಅವಳಿಗೆ ಹೇಳಬೇಕು."

"ಊಹೂಂ."

ಹೊಲಿಯುವವನು ಆಲಿಕೆಯನ್ನು ತಟ್ಟಿದ, ಊದಿದ, ಬೇಡಿಕೊಂಡ. ಹಂಡೆ ಜಗ್ಗಲಿಲ್ಲ. ಒಪ್ಪಿಸುವವಳು ಕೆಳಗಿನಿಂದ ನೋಡುತ್ತಿದ್ದಳು. ಕೆಲಸವಿಲ್ಲದೆಯೂ ಷರಾ ತೆಗೆದುಕೊಳ್ಳುವಂತೆ ಹಂಡೆಗೆ ಹೇಳಿಕೊಡುವುದು ಅವಳಿಗೆ ಗೊತ್ತಿತ್ತು. ಹೊಟ್ಟೆಯ ಕೆಳಗೆ ಒಂದು ತಿರುಪು ತಿರುಗಿಸಿದರೆ ಆಗಿಹೋಗುತ್ತಿತ್ತು. ಅವಳು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.

ಕೊನೆಗೆ ಹೊಲಿಯುವವನು ಏಣಿ ಇಳಿದು ಬಂದ. ಅವನ ಗಿಡ್ಡ ನೆರಳು ಒಂದೊಂದೇ ಮೆಟ್ಟಿಲಿಗೆ ಧೊಪ್ಪೆಂದು ಬೀಳುತ್ತ ಜೊತೆಯಲ್ಲಿ ಇಳಿಯಿತು. ಅವನು ಅಂಗಳಕ್ಕೆ ಬಂದು ಒಗೆಯುವ ಕಲ್ಲಿನ ಮುಂದೆ ನಿಂತ. ಬಾಯಿ ತೆರೆದ, ಮುಚ್ಚಿದ. ಅಜ್ಜಿ ಕಿಟಕಿಯಿಂದ ಅರ್ಧ ಮೈ ಅಂಗಳಕ್ಕೆ ಚಾಚಿದ್ದಳು.

"ಹೋಗೋಣವಾ?" ಅಂದ.

ಒಗೆಯುವವಳು ಸೆರಗಿಗೆ ಕೈಯೊರೆಸಿಕೊಂಡು, ಅವನ ಕೈಲಿದ್ದ ಖಾಲಿ ಬುತ್ತಿಯ ಬಟ್ಟೆ ಇಸಿದುಕೊಂಡು ಕೊಡವಿ ಮಡಿಸಿ, ಮುಂದೆ ನಡೆದಳು. ಅವನು ಹಿಂದೆ ಹೋದ. ಅಜ್ಜಿ ಅವರು ತಿರುವಿನವರೆಗೆ ಹೋಗುವುದನ್ನು ನೋಡಿ, ಇದನ್ನು ಹೇಳಲು ನಾಳೆಯವರೆಗೆ ಕಾಯಬೇಕಲ್ಲ ಎಂದು ಹಂಡೆಯ ಕಡೆ ಸಂಕಟದಿಂದ ನೋಡಿದಳು.

ಒಪ್ಪಿಸುವವಳು ಅಜ್ಜಿಯ ಕಾಲುಮುಟ್ಟಿ, ಯಜಮಾನನಿಗೆ ಕೈಮುಗಿದು, ಗಂಟು ಎತ್ತಿಕೊಂಡು ಗಾಡಿ ಹತ್ತಿದಳು. ಗಾಡಿ ಬೀದಿ ತಿರುಗಿತು. ಕೆರೆಯ ಏರಿಯ ಮೇಲೆ ದಾರಿ ಕಿರಿದು. ಅಲ್ಲಿ ದಾರಿಯ ನಟ್ಟನಡುವೆ ಗಂಡ ಹೆಂಡತಿ ಹೋಗುತ್ತಿದ್ದರು. ಜಗಳ ಜೋರಾಗಿ ಹತ್ತಿತ್ತು.

"ನೀನಾದರೂ ಒಂದು ಮಾತು ಆಡಬಹುದಿತ್ತಲ್ಲ?" ಎನ್ನುತ್ತಿದ್ದ ಹೊಲಿಯುವವನು.

ಒಗೆಯುವವಳು ಕೈ ಬೀಸಿ ಬೀಸಿ ಏನೋ ಹೇಳಿದಳು. ಅವಳ ಗಂಟಲು ಇನ್ನೂ ಬಿಟ್ಟಿರಲಿಲ್ಲ. ಉಸಿರು ಮಾತ್ರ ಬರುತ್ತಿತ್ತು. ಬೈಗುಳ ಕೇಳಿಸಿಕೊಳ್ಳಲು ಅವನು ನಿಂತು, ಬೆನ್ನು ಬಗ್ಗಿಸಿ, ಅವಳ ಬಾಯಿಯ ಹತ್ತಿರ ಕಿವಿ ತಂದುಕೊಳ್ಳಬೇಕಾಗುತ್ತಿತ್ತು. ಕೇಳಿಸಿಕೊಂಡು, "ಆಹಾ, ಎಲ್ಲ ನನ್ನದೇ ತಪ್ಪು," ಎಂದು ನಾಲ್ಕು ಹೆಜ್ಜೆ ಮುಂದೆ ಹೋಗುತ್ತಿದ್ದ. ಅಷ್ಟರಲ್ಲಿ ಅವಳಿಗೆ ಇನ್ನೇನೋ ನೆನಪಾಗುತ್ತಿತ್ತು. ಅವನು ಮತ್ತೆ ನಿಂತು ಬಗ್ಗುತ್ತಿದ್ದ.

ಎತ್ತುಗಳು ಹೆಜ್ಜೆ ಹೆಜ್ಜೆಗೂ ನಿಲ್ಲಬೇಕಾಯಿತು. ಗಾಡಿಯವನು ಬೇಸತ್ತು ಹಿಂದೆ ತಿರುಗಿದ.

"ದಾರಿ ಬಿಡಿ ಅಂತ ಕೂಗಲಾ ಅಮ್ಮಾ? ಹೀಗಾದರೆ ನಾವು ಊರು ಸೇರಿದ ಹಾಗೆಯೇ."

ಒಪ್ಪಿಸುವವಳು ಗಂಟನ್ನು ಬೆನ್ನ ಹಿಂದೆ ಇಟ್ಟು ಒರಗಿಕೊಂಡಳು.

"ಬೇಡಪ್ಪ," ಅಂದಳು. "ಅವರ ಹಿಂದೆಯೇ ಹೊಡಿ, ನಿಧಾನಕ್ಕೆ."